ಗೋಡೆ ಪಕ್ಕದ ಮೇಜು

ಅವತ್ತು ಬೆಳಿಗ್ಗೆ ಬಾಯ್ಲರ್ ಸೀಟಿ ಹೊಡೆಯಲಿಲ್ಲ. ಒಳ್ಳೆಯದೇ ಆಯಿತು ಎಂದುಕೊಂಡೆವು.

ನಾನು ಕೆಲಸ ಮಾಡುತ್ತಿದ್ದದ್ದು ಅರಸೀಕೆರೆ ಹೊರಗಿನ ಒಂದು ತೆಂಗಿನಪುಡಿ ಫ್ಯಾಕ್ಟರಿಯಲ್ಲಿ. ಕಾಯಿ ಒಡೆದು, ಹೋಳಿನ ಕಂದು ಸಿಪ್ಪೆ ಹೆರೆದು, ತುರಿದು, ಆವಿಯ ಬಿಸಿಯಲ್ಲಿ ಒಣಗಿಸಿದರೆ ಬೇಕರಿಗೆ ಹೋಗುವ ಬಿಳಿ ಪುಡಿಯಾಗುತ್ತದೆ. ಆವಿ ಕೊಡುವುದು ಬಾಯ್ಲರ್. ಅದರೊಳಗೆ ಒತ್ತಡ ಹೆಚ್ಚಾದರೆ ನೆತ್ತಿಯ ಮೇಲಿರುವ ವಾಲ್ವ್ ತಾನಾಗಿ ಬಾಯಿ ಬಿಟ್ಟು ಆವಿಯನ್ನು ಹೊರಗೆ ಬಿಡುತ್ತದೆ, ಮನೆಯ ಕುಕ್ಕರಿನ ಹಾಗೆ. ಆದರೆ ಕುಕ್ಕರಿನ ಸದ್ದಲ್ಲ, ಕಿವಿ ತೂತಾಗುವ ಸದ್ದು. ಅದನ್ನು ನಾವು ಸೀಟಿ ಎನ್ನುತ್ತಿದ್ದೆವು. ದಿನಾ ಬೆಳಿಗ್ಗೆ ಅದು ಹೊಡೆದಾಗ ಹೆಂಗಸರೆಲ್ಲ ಒಂದು ಸಲ ಬೆಚ್ಚಿ, ಒಂದು ಸಲ ಬೈದು, ಮತ್ತೆ ಚಾಕು ಹಿಡಿಯುತ್ತಿದ್ದೆವು.

ಆಯುಧಪೂಜೆಗೆಂದು ಮಾಲೀಕ ಶಶಿಧರ್ ಬೆಳ್ಳಿ ಬಣ್ಣದ ಡಬ್ಬ ತರಿಸಿಕೊಟ್ಟಿದ್ದರು. ಬಾಯ್ಲರ್ ನೋಡಿಕೊಳ್ಳುವ ಚನ್ನೇಶ ಅದನ್ನು ಮದುವಣಗಿತ್ತಿಯ ಹಾಗೆ ಸಿಂಗರಿಸಿದ. ಪೈಪು, ನಟ್ಟು, ಬೋಲ್ಟು ಯಾವುದನ್ನೂ ಬಿಡಲಿಲ್ಲ. ಏಣಿ ಹಾಕಿ ಹತ್ತಿ ನೆತ್ತಿಯ ವಾಲ್ವಿಗೂ ದಪ್ಪಗೆ ಬಳಿದ.

"ಏನ್ಲಾ ಚನ್ನೇಶ, ಮದ್ವೇಲಿ ಹೆಂಡ್ತಿಗೂ ಇಷ್ಟು ಪೌಡ್ರು ಬಳ್ದಿರ್ಲಿಲ್ವಲ್ಲೋ," ಎಂದು ಗುರುಸಿದ್ದಮ್ಮ ಕೆಳಗಿನಿಂದ ಕೂಗಿದಳು. ನಮ್ಮ ಹೆರೆಯುವ ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯಳು ಅವಳು.

"ಅವಳು ನಂಗೆ ಅನ್ನ ಹಾಕ್ತಾಳಾ ಗುರುಸಿದ್ದಕ್ಕ? ನಂಗೂ ಅವಳಿಗೂ ಅನ್ನ ಹಾಕೋಳು ಇವಳು," ಎಂದು ಚನ್ನೇಶ ಬಾಯ್ಲರಿನ ಹೊಟ್ಟೆ ತಟ್ಟಿದ.

ಚನ್ನೇಶ ನೋಡಿ ನೋಡಿ ಕಲಿತವನು. ಬಾಯ್ಲರಿಗೆಂದೇ ಓದಿದ್ದ ಒಬ್ಬ ಮನುಷ್ಯ ಮೊದಲಿದ್ದ. ಅವನು ಬಿಟ್ಟು ಹೋದ ಮೇಲೆ ಶಶಿಧರ್ ಇನ್ನೊಬ್ಬನನ್ನು ಹುಡುಕುವ ಗೋಜಿಗೆ ಹೋಗಲಿಲ್ಲ. ನಡೆಯುತ್ತಿತ್ತಲ್ಲ!

ಪೂಜೆಯ ದಿನ ಶಶಿಧರ್ ಒತ್ತಡ ತೋರಿಸುವ ಮೀಟರಿನ ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ ಎಳೆದರು. ಅದರ ಮೇಲೆ ಚೆಂಡುಹೂವಿನ ದಪ್ಪ ಹಾರ ಹಾಕಿದರು. ಪೂಜೆಗೆ ಏರಿಸಿದ ಹೂವನ್ನು ಬಾಡುವ ಮುಂಚೆ ಕೀಳಬಾರದು ಎನ್ನುತ್ತಾರೆ ನಮ್ಮ ಕಡೆ. ಮಾರನೆಯ ದಿನ ವಿಜಯದಶಮಿ, ರಜೆ. ಅದರ ಮಾರನೆಯ ಬೆಳಿಗ್ಗೆ ಚನ್ನೇಶ ಬಾಯ್ಲರಿನ ಒಲೆಗೆ ತೆಂಗಿನ ಚಿಪ್ಪು ತುಂಬಿ ಬೆಂಕಿ ಹಾಕಿದ. ಹಾರ ಇನ್ನೂ ಬಾಡಿರಲಿಲ್ಲ.

ಕೆಲಸ ಶುರುವಾಗಿ ಸುಮಾರು ಹೊತ್ತಾದರೂ ಸೀಟಿ ಇಲ್ಲ.

"ನೋಡ್ದಾ ಪುಷ್ಪ," ಎಂದಳು ಗುರುಸಿದ್ದಮ್ಮ, "ಪೂಜೆ ಮಾಡಿದ್ದಕ್ಕೆ ಹೆಂಗೆ ತೆಪ್ಪಗೆ ಬಿದ್ದೈತೆ. ನಿಂಗೂ ಒಂದು ಹಾರ ಹಾಕಿಸ್ಬೇಕು ಕಣೇ. ಬೆಳಗಾದ್ರೆ ನಿಂದೂ ಅದೇ ಸೀಟಿ."

"ನಂಗೆ ಹಾರ ಹಾಕೋಕೆ ನಾನಿನ್ನೂ ಸತ್ತಿಲ್ಲ," ಎಂದೆ. ಹೆಂಗಸರೆಲ್ಲ ನಕ್ಕರು. ನನ್ನ ಸಿಟ್ಟು ಫ್ಯಾಕ್ಟರಿಗೇ ಗೊತ್ತಿತ್ತು.

ಸಿಡಿದ ಸದ್ದು ನನಗೆ ಕೇಳಿಸಿದ ನೆನಪೇ ಇಲ್ಲ. ಎಲ್ಲರೂ ಕೇಳುತ್ತಾರೆ, ಹೇಗಿತ್ತು ಸದ್ದು ಎಂದು. ಅರಸೀಕೆರೆ ಸ್ಟೇಷನ್ನಿನವರೆಗೆ ಕೇಳಿಸಿತಂತೆ. ನನಗೆ ಗೊತ್ತಿರುವುದು ಇಷ್ಟೇ. ಹೋಳು ಕೈಯಲ್ಲಿತ್ತು, ಕೂತಿದ್ದೆ. ಆಮೇಲೆ ನೆಲದ ಮೇಲೆ ಬಿದ್ದಿದ್ದೆ, ಹೋಳು ಕೈಯಲ್ಲೇ ಇತ್ತು. ಶೆಡ್ಡಿನ ಶೀಟು ಇದ್ದ ಕಡೆ ಆಕಾಶ ಕಾಣುತ್ತಿತ್ತು. ಗುರುಸಿದ್ದಮ್ಮ ಬಾಯಿ ತೆರೆದು ಏನೋ ಹೇಳುತ್ತಿದ್ದಳು, ಸ್ವರ ಬರುತ್ತಿರಲಿಲ್ಲ. ಅವಳ ಮೊಣಕೈ ಇರಬಾರದ ಕಡೆಗೆ ತಿರುಗಿತ್ತು. ಅದನ್ನು ನೋಡಿಯೂ ನಾನು ಅವಳ ಹತ್ತಿರ ಹೋಗಲಿಲ್ಲ. ಎದ್ದು ಪ್ಯಾಕಿಂಗ್ ರೂಮಿನ ಕಡೆ ಓಡಿದೆ.

ನನ್ನ ಮಗಳು ಮೇಘಶ್ರೀ ಇದ್ದದ್ದು ಅಲ್ಲಿ. ಗೋಡೆ ಪಕ್ಕದ ಮೇಜು ಅವಳದು. ಆ ಗೋಡೆಯ ಆಚೆ ಬಾಯ್ಲರ್.

ಗೋಡೆ ಇರಲಿಲ್ಲ. ಬಾಯ್ಲರ್ ಕೂಡ ಇರಲಿಲ್ಲ. ಅದು ಇದ್ದಲ್ಲಿಂದ ಎದ್ದು, ಚಿಪ್ಪಿನ ರಾಶಿ ದಾಟಿ, ಆಚೆ ತೋಟದೊಳಗೆ ಹೋಗಿ ಬಿದ್ದಿತ್ತು. ಎರಡು ತೆಂಗಿನಮರ ಮುರಿದಿದ್ದವು. ಚನ್ನೇಶ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಕೇಳುವ ಹಾಗಿರಲಿಲ್ಲ.

ಪ್ಯಾಕಿಂಗ್ ರೂಮಿನ ತುಂಬ ಬಿಸಿ ಆವಿ, ಅದರೊಳಗೆ ಹಾರುವ ಪುಡಿ. ಏನೇನೂ ಕಾಣದಷ್ಟು ಬಿಳಿ. ಆ ಬಿಳಿಯೊಳಗಿಂದ ಹುಡುಗಿಯರು ಒಬ್ಬೊಬ್ಬರೇ ಕೈ ಚಾಚಿಕೊಂಡು ಹೊರಗೆ ಬಂದರು. ಎಲ್ಲರ ಮೈಮೇಲೂ ಅದೇ ಬಿಳಿ ಕೋಟು, ತಲೆಗೆ ಅದೇ ಟೋಪಿ, ಬಾಯಿಗೆ ಅದೇ ಮಾಸ್ಕು, ಕಾಲಿಗೆ ಅದೇ ಗಂಬೂಟು. ತಿನ್ನುವ ಪದಾರ್ಥದ ಕೆಲಸ ಅಂತ ಓಲೆ, ಬಳೆ, ಸರ, ಹೂವು, ಕಾಲ್ಗೆಜ್ಜೆ ಎಲ್ಲವನ್ನೂ ಗೇಟಿನಲ್ಲೇ ಬಿಚ್ಚಿಸುತ್ತಿದ್ದರು. ಫೋನೂ ಅಲ್ಲೇ. ಈಗ ಎಲ್ಲರ ಮುಖಕ್ಕೂ ಪುಡಿ ಮೆತ್ತಿಕೊಂಡಿತ್ತು. ರೆಪ್ಪೆ, ಹುಬ್ಬು, ಹಣೆ ಎಲ್ಲ ಒಂದೇ. ನಾನು ಒಬ್ಬೊಬ್ಬಳ ಗಲ್ಲ ಹಿಡಿದು ತಿರುಗಿಸಿ ನೋಡಿದೆ. ನೋವಾಗುತ್ತದೆಂದು ಒಬ್ಬಳು ಕಿರುಚಿದಳು. ಅವಳನ್ನು ಬಿಟ್ಟು ಇನ್ನೊಬ್ಬಳನ್ನು ಹಿಡಿದೆ. ಎಲ್ಲರೂ ಅಮ್ಮಾ ಅಮ್ಮಾ ಎನ್ನುತ್ತಿದ್ದರು. ಯಾವ ಅಮ್ಮ ನನ್ನದು?

ಯಾರೋ ಸೊಂಟ ಹಿಡಿದು ಎಳೆದರು. "ಒಳಗೆ ಹೋಗ್ಬ್ಯಾಡ್ರೀ, ಸುಡ್ತೈತೆ!" ಅವನ ಕೈ ಕಚ್ಚಿದೆ. ಒಳಗೆ ಹೋದೆ.

ಗೋಡೆ ಪಕ್ಕದ ಮೇಜು ಮಗುಚಿ ಬಿದ್ದಿತ್ತು. ಅದರ ಕೆಳಗೆ ಒಬ್ಬಳು ಮಗ್ಗುಲಾಗಿ ಮಲಗಿದ್ದಳು. ಮೇಘಳದೇ ಎತ್ತರ, ಮೇಘಳದೇ ಮೈಕಟ್ಟು. ಟೋಪಿ ತಲೆಗೆ ಅಂಟಿತ್ತು. ಮುಖದ ಮೇಲೆ ಪುಡಿ ಒದ್ದೆಯಾಗಿ ರುಬ್ಬಿದ ಕಾಯಿಯ ಹಾಗೆ ಮೆತ್ತಿಕೊಂಡಿತ್ತು. ಅದನ್ನು ಒರೆಸಲು ಹೋದೆ. ಪುಡಿಯ ಜೊತೆ ಇನ್ನೇನೋ ಬಂತು. ಕೈ ಹಿಂದಕ್ಕೆ ತೆಗೆದುಕೊಂಡೆ. ಆಮೇಲೆ ಅವಳ ಮುಖ ಮುಟ್ಟಲಿಲ್ಲ.

"ಮೇಘಾ," ಎಂದೆ.

ಅವಳು "ಹೂಂ" ಎಂದಳು.

ಚಿದಂಬರ ಎನ್ನುವವನು ಚೀಲ ಸಾಗಿಸಲು ತಂದಿದ್ದ ಲಗೇಜ್ ಆಟೋ ಗೇಟಿನ ಹತ್ತಿರವಿತ್ತು. ಇಬ್ಬರು ಗಂಡಸರು ಅವಳನ್ನು ಖಾಲಿ ಚೀಲಗಳ ಮೇಲೆ ಮಲಗಿಸಿದರು. ನಾನು ಪಕ್ಕದಲ್ಲಿ ಹತ್ತಿ ಕೂತೆ. ಹಿಡಿದುಕೊಳ್ಳಲು ಅವಳ ಎಡಗೈಯ ಬೆರಳುಗಳಷ್ಟೇ ಸರಿಯಾಗಿದ್ದವು. ಅವನ್ನು ಹಿಡಿದುಕೊಂಡೆ.

"ಮಲಗೋಕೆ ಬಿಡ್ಬ್ಯಾಡ ಪುಷ್ಪಕ್ಕ, ಮಾತಾಡಿಸ್ತಾನೇ ಇರು," ಎಂದು ಚಿದಂಬರ ಹಿಂದೆ ತಿರುಗಿ ಕೂಗಿದ.

"ನೀನು ಮುಂದೆ ನೋಡ್ಕೊಂಡು ಓಡ್ಸೋ!"

ಏನು ಮಾತಾಡಲಿ? ನನಗೆ ಬರುವುದು ಬೈಯುವುದೊಂದೇ. ಬೈದೆ. "ಡಿಗ್ರಿಗೆ ಸೇರೇ ಅಂದ್ರೆ ಪಿಯುಸಿಗೇ ಸಾಕು ಅಂದ್ಯಲ್ಲೇ. ನಿನ್ ಜೊತೆ ಬತ್ತೀನಿ ಅಂತ ಕುಣ್ಕೊಂಡು ಬಂದ್ಯಲ್ಲೇ ಇಲ್ಲಿಗೆ. ಕೇಳಿಸ್ತೈತಾ? ಬೆಳಿಗ್ಗೆ ಚಿತ್ರಾನ್ನ ಅರ್ಧ ಬಿಟ್ಟು ಎದ್ದೆ. ಯಾಕೆ ಬಿಟ್ಟೆ? ಉಪ್ಪು ಜಾಸ್ತಿ ಆಗಿತ್ತಾ? ಮಾತಾಡೇ ಮೇಘಾ."

"ಹೂಂ."

"ಹೂಂ ಅಂದ್ರೆ ಏನು? ಉಪ್ಪು ಜಾಸ್ತಿ ಆಗಿತ್ತಾ ಇಲ್ವಾ?"

"ಇಲ್ಲ," ಎಂದಳು. ಸ್ವರ ಉಜ್ಜಿದ ಹಾಗೆ ಒರಟಾಗಿತ್ತು. ಗಂಟಲೊಳಗೆ ಪುಡಿ ಹೋಗಿರಬೇಕು ಎಂದುಕೊಂಡೆ.

ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ. ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವುದೇ ಇಲ್ಲ. ಚಿದಂಬರ ಹಾರನ್ ಮೇಲೆ ಕೈ ಇಟ್ಟು ಅಳುತ್ತಿದ್ದ. ಪಕ್ಕದ ಬೈಕಿನವನು ಇಣುಕಿ ನೋಡಿ, ನೋಡಿದ್ದೇ ತಪ್ಪಾಯಿತೆಂಬಂತೆ ಮುಖ ಆಚೆ ತಿರುಗಿಸಿಕೊಂಡ.

"ನಿಂಗೇನೂ ಆಗಿಲ್ಲ ಕಣೇ," ಎಂದೆ. "ಸ್ವಲ್ಪ ಸುಟ್ಟೈತೆ ಅಷ್ಟೇ. ಹುಲಿಕೆರೆಗೆ ಹೋಗ್ಬೇಕು ಅಂತಿದ್ಯಲ್ಲ, ಕಲ್ಯಾಣಿ ಮೆಟ್ಟಿಲ ಮೇಲೆ ಕೂತು ಫೋಟೋ ತೆಗೆಸ್ಕೋಬೇಕು ಅಂತ. ಹೋಗೋಣ. ನಿನ್ ಗೆಳತೀನೂ ಕರ್ಕೊಂಡು ಹೋಗೋಣ, ಆ ಧನುಶ್ರೀನ."

ಅವಳ ಬೆರಳುಗಳು ನನ್ನ ಬೆರಳನ್ನು ಬಿಗಿಯಾಗಿ ಹಿಡಿದವು.

ಆಸ್ಪತ್ರೆಯಲ್ಲಿ ಕತ್ತರಿಯಿಂದ ಕೋಟು ಕತ್ತರಿಸುತ್ತ ನರ್ಸ್ ಕೇಳಿದಳು, "ಹೆಸರು ಹೇಳಿ."

"ಮೇಘಶ್ರೀ," ಎಂದೆ.

"ಧನುಶ್ರೀ," ಎಂದಳು ಮಂಚದ ಮೇಲಿದ್ದವಳು.

ನರ್ಸ್ ಇಬ್ಬರನ್ನೂ ನೋಡಿದಳು. ನಾನು ಬಗ್ಗಿದೆ. ಉಪ್ಪುನೀರು ಹಾಕಿ ಒಂದು ಕಡೆಯ ಪುಡಿ ತೊಳೆದಿದ್ದರು. ಕಿವಿ ಕಾಣುತ್ತಿತ್ತು. ಮೇಘಳ ಕಿವಿಯಲ್ಲಿ ಎರಡು ತೂತು. ಇಲ್ಲಿ ಒಂದೇ ಇತ್ತು.

ಕೈ ಬಿಟ್ಟುಬಿಟ್ಟೆ. ಬಿಸಿ ಪಾತ್ರೆ ಬಿಟ್ಟ ಹಾಗೆ.

"ಮೊದ್ಲೇ ಹೇಳೋಕೆ ಏನಾಗಿತ್ತೇ ನಿಂಗೆ?" ಎಂದು ಕಿರುಚಿದೆ. ಸುಟ್ಟು ಮಲಗಿದ್ದ ಹುಡುಗಿಯ ಮೇಲೆ ಕಿರುಚಿದೆ. "ನನ್ ಮಗಳೆಲ್ಲಿ? ಎಲ್ಲಿ ನನ್ ಮಗಳು?"

"ಲೋಡಿಂಗಲ್ಲಿ ಅವ್ಳೆ ಅತ್ತೆ." ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದಳು. "ನಂಗೆ ಹೊಟ್ಟೆನೋವಿತ್ತು. ಮೂಟೆ ಎತ್ತೋಕೆ ಆಗ್ತಿರ್ಲಿಲ್ಲ. ನೀ ನನ್ ಮೇಜಲ್ಲಿ ಕೂತ್ಕೋ ಅಂದ್ಲು. ನಿಮಗೆ ಗೊತ್ತಾದ್ರೆ ಬೈತೀರ ಅಂತ ಹೇಳ್ಲಿಲ್ಲ."

"ದಾರಿಯುದ್ದಕ್ಕೂ ಮೇಘಾ ಮೇಘಾ ಅಂತ ಬಡ್ಕೊಂಡೆನಲ್ಲೇ. ನಾನಲ್ಲ ಅಂತ ಒಂದು ಮಾತು ಹೇಳೋಕೆ..."

"ಗೊತ್ತಿತ್ತು. ಹೇಳಿದ್ರೆ ಬಿಟ್ಟು ಹೋಗ್ತಿದ್ರಿ."

ನರ್ಸಿನ ಕತ್ತರಿ ನಿಂತಿತು.

ಹೌದು, ಬಿಟ್ಟು ಹೋಗುತ್ತಿದ್ದೆ. ಸುಳ್ಳು ಯಾಕೆ ಹೇಳಲಿ? ಆ ಮೇಜಿನ ಕೆಳಗೆ ಇವಳು ನನ್ನ ಮಗಳಲ್ಲ ಎಂದು ಗೊತ್ತಾಗಿದ್ದರೆ ಗುರುಸಿದ್ದಮ್ಮನನ್ನು ದಾಟಿ ಹೋದ ಹಾಗೆ ಇವಳನ್ನೂ ದಾಟಿ ಹೋಗುತ್ತಿದ್ದೆ. ಹುಡುಗಿ ಅದನ್ನು ಮಲಗಿದ್ದಲ್ಲೇ, ಕಣ್ಣು ಬಿಡಲಾಗದೆ, ಅಂಥ ಉರಿಯಲ್ಲಿ ಲೆಕ್ಕ ಹಾಕಿದ್ದಳು. ಅಲ್ಲಿಂದ ಆಚೆ ಓಡಿದೆ.

ಚಿದಂಬರನ ಫೋನಿನಿಂದ ಫ್ಯಾಕ್ಟರಿ ಗೇಟು ಕಾಯುವ ಬಸವಕುಮಾರನಿಗೆ ಹಚ್ಚಿದೆ. ಎಷ್ಟು ಸಲವೋ ಹಚ್ಚಿದೆ. ಕೊನೆಗೆ ಎತ್ತಿದ. "ಇಲ್ಲೇ ಅವ್ಳೆ ಪುಷ್ಪಕ್ಕ, ಹಣೆ ಒಡೆದೈತೆ, ಕಿವಿ ಕೇಳಿಸ್ತಿಲ್ಲ ಅಷ್ಟೇ, ನಿನ್ನನ್ನೇ ಹುಡುಕ್ತಾವ್ಳೆ, ಕೊಡ್ತೀನಿ ತಡಿ."

"ಅಮ್ಮಾ!" ಮೇಘ ಕೂಗುತ್ತಿದ್ದಳು. "ಅಮ್ಮ, ನೀನೇನಾ? ಜೋರಾಗಿ ಮಾತಾಡು, ಏನೂ ಕೇಳ್ತಿಲ್ಲ. ಧನು ಸಿಗ್ತಿಲ್ಲಮ್ಮ. ಧನು ನನ್ ಮೇಜಲ್ಲಿ ಇದ್ಲು. ಬಾರಮ್ಮ!"

ನಾನು ಎಷ್ಟು ಜೋರಾಗಿ ಹೇಳಿದರೂ ಅವಳಿಗೆ ಕೇಳಿಸಲಿಲ್ಲ. ಕೂಗುತ್ತಲೇ ಇದ್ದಳು. ನಾನು ಆಸ್ಪತ್ರೆಯ ಬಾಗಿಲಲ್ಲಿ ನೆಲಕ್ಕೆ ಕುಕ್ಕರಿಸಿ, ಫೋನನ್ನು ಕಿವಿಗೆ ಒತ್ತಿಕೊಂಡು ಆ ಕೂಗನ್ನು ಕುಡಿದೆ. ಬದುಕಿದ್ದಾಳೆ. ಇನ್ನೇನೂ ಬೇಡವಾಗಿತ್ತು ನನಗೆ. ಚಿದಂಬರನ ಗಾಡಿ ಹತ್ತಿ ಕೂತೆ. "ತಿರುಗ್ಸು. ಫ್ಯಾಕ್ಟರಿಗೆ ನಡಿ," ಎಂದೆ.

ಅಷ್ಟರಲ್ಲಿ ಶಶಿಧರರ ಕಾರು ಬಂದು ಅಡ್ಡ ನಿಂತಿತು. ಇಳಿದರು. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ. ಮುಖದಲ್ಲಿ ರಕ್ತವೇ ಇರಲಿಲ್ಲ. ಜೊತೆಯಲ್ಲಿದ್ದ ಯಾರೋ ಹಿರಿಯರು ಹೇಳುತ್ತಿದ್ದರು, "ಬೂದುಗುಂಬಳಕಾಯಿ ಸರಿಯಾಗಿ ಒಡೀಲಿಲ್ಲ ಸ್ವಾಮಿ, ನಾನು ಅವತ್ತೇ ಅಂದೆ. ದೃಷ್ಟಿ ಆಗೈತೆ."

"ಚನ್ನೇಶನೇ ಏನೋ ಎಡವಟ್ಟು ಮಾಡಿದಾನೆ," ಎಂದರು ಶಶಿಧರ್. "ಮೀಟರ್ ನೋಡ್ಕೋಬೇಕಾಗಿತ್ತು ಅವನು."

ಆಗ ಅದೇ ಬಾಗಿಲಿಂದ ಡಾಕ್ಟರ್ ಹೊರಗೆ ಬಂದರು. ತ್ರಿಶಲಾ ಎಂದು ಹೆಸರು, ಇನ್ನೂ ಎಳೆ ವಯಸ್ಸು. "ಧನುಶ್ರೀ ಕಡೆಯವರು ಯಾರಿದೀರ? ಈಗಲೇ ಹಾಸನಕ್ಕೆ ಕಳಿಸ್ಬೇಕು. ಬಿಸಿ ಆವಿ ಗಂಟಲೊಳಗೆ ಹೋಗಿದೆ. ಈಗ ಮಾತಾಡ್ತಿದಾಳೆ ಅಂತ ಚೆನ್ನಾಗಿದಾಳೆ ಅಂದ್ಕೋಬೇಡಿ, ಒಳಗೆ ಊದಿಕೊಳ್ತಾ ಇದೆ. ಯಾರಾದ್ರೂ ಜೊತೆಗೆ ಕೂತು ಮಾತಾಡಿಸ್ತಿರ್ಬೇಕು. ಧ್ವನಿ ಬದಲಾದ ತಕ್ಷಣ ನರ್ಸ್‌ಗೆ ಹೇಳ್ಬೇಕು. ಯಾರಿದೀರ?"

ಯಾರೂ ಇರಲಿಲ್ಲ. ಅವಳ ತಾಯಿ ತೀರಿಕೊಂಡು ಬಹಳ ಕಾಲವಾಗಿತ್ತು. ತಂದೆ ಕರಿಬಸವಯ್ಯ ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಲ್ಲಿ. ಡಾಕ್ಟರ್ ಶಶಿಧರರನ್ನು ನೋಡಿದರು. ಶಶಿಧರ್ ತಮ್ಮ ಫೋನನ್ನು ನೋಡಿದರು.

"ನಮ್ ಹುಡುಗರು ಯಾರನ್ನಾದ್ರೂ ಕಳಿಸ್ತೀನಿ ಮೇಡಂ," ಎಂದರು. "ಒಂದೈದು ನಿಮಿಷ."

ಗಾಡಿಯಿಂದ ಇಳಿದೆ. ನಾನು ದೊಡ್ಡ ಮನಸ್ಸಿನವಳೆಂದು ಯಾರೂ ತಿಳಿಯಬಾರದು. ಸಿಟ್ಟಿಗೆ ಇಳಿದೆ. ಆ ಐದು ನಿಮಿಷ ಎನ್ನುವ ಮಾತು ನನ್ನ ನೆತ್ತಿಗೇರಿತು.

"ವಾಲ್ವಿಗೆ ಬಣ್ಣ ಬಳೀವಾಗ ನೀವೇ ಕೆಳಗೆ ನಿಂತು ಚೆನ್ನಾಗೈತೆ ಚೆನ್ನಾಗೈತೆ ಅಂದ್ರಲ್ರೀ," ಎಂದೆ. "ಬಣ್ಣ ಒಣಗಿ ಅದರ ಬಾಯಿ ಕಚ್ಕೊಂಡೈತೆ. ಬಾಯಿ ಮುಚ್ಚಿ ಉರಿ ಹಾಕಿದ್ರೆ ಏನ್ರೀ ಮಾಡ್ತೈತೆ ಅದು? ಮೀಟರ್ ನೋಡ್ಬೇಕಾಗಿತ್ತಂತೆ. ಹಾರ ಹಾಕಿದ ಕೈ ಯಾವುದು? ಚನ್ನೇಶ ಇಲ್ಲ, ಅದಕ್ಕೇ ಅವನ ಮೇಲೆ ಹೇಳ್ತೀರಿ. ನಾವೆಲ್ಲ ಇದೀವಿ, ನಾವೂ ಚಪ್ಪಾಳೆ ಹೊಡೆದೋರೇ. ಬಾಯ್ಲರ್ ಗೊತ್ತಿದ್ದ ಒಬ್ಬ ಮನುಷ್ಯ ಅಲ್ಲಿ ಇದ್ದಿದ್ರೆ ಬ್ಯಾಡ ಕಣ್ರಯ್ಯ ಅಂತಿದ್ದ. ಅವನನ್ನ ಇಡ್ಬೇಕಾದೋರು ಯಾರು?"

ನಾನು ಡಾಕ್ಟರಿಗೆ ಹೇಳಿದೆ, "ನಾನು ಬತ್ತೀನಿ."

ಚಿದಂಬರನಿಗೆ ಮೇಘಳನ್ನು ಕರೆತಂದು ಡಾಕ್ಟರಿಗೆ ತೋರಿಸಲು ಹೇಳಿ ಆಂಬುಲೆನ್ಸ್ ಹತ್ತಿದೆ. ಧನುಶ್ರೀಯ ಕೈಗಳಿಗೆ ಬಟ್ಟೆ ಸುತ್ತಿಬಿಟ್ಟಿದ್ದರು, ಮುಖಕ್ಕೂ. ಹಿಡಿಯಲು ಬೆರಳೂ ಇರಲಿಲ್ಲ. ಅದಕ್ಕೇ ಮಾತಿನಿಂದಲೇ ಶುರು ಮಾಡಿದೆ.

"ಧನು. ನಾನು ಕಣೇ."

"ಅತ್ತೆ?" ಉಸಿರು ಎಳೆದುಕೊಂಡು, "ಮೇಘ?"

"ಚೆನ್ನಾಗವ್ಳೆ. ಹಣೆ ಒಡ್ಕೊಂಡವ್ಳೆ. ನೀನು ಸಿಗ್ತಿಲ್ಲ ಅಂತ ಬೊಬ್ಬೆ ಹೊಡೀತಾವ್ಳೆ."

ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ, ಆ ಬಟ್ಟೆಯೊಳಗೆ ಗೊತ್ತಾಗಲಿಲ್ಲ. "ಬೈಬೇಡಿ ಅವಳಿಗೆ," ಎಂದಳು.

"ಬೈತೀನಿ. ನಿಂಗೂ ಬೈತೀನಿ. ಹೊಟ್ಟೆನೋವು ಅಂದ್ರೆ ಮನೇಲಿ ಇರ್ಬೇಕಪ್ಪ. ಮಾತಾಡು. ಅಪ್ಪ ಏನ್ ಮಾಡ್ತಾರೆ ಊರಲ್ಲಿ? ಎಲ್ಲ ಹೇಳು."

ಹೇಳಿದಳು. ಶುಂಠಿ ಹಾಕಿದ್ದಾರೆ. ಅವಳಿಗೆಂದು ಒಂದು ಎಮ್ಮೆಕರು ಬಿಟ್ಟಿದ್ದಾರೆ. ಅದು ಅವರನ್ನು ಬಿಟ್ಟು ಬೇರೆ ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಗಂಡಸಿ ಹ್ಯಾಂಡ್‌ಪೋಸ್ಟ್ ದಾಟುವಾಗ ಸ್ವರ ಇನ್ನೂ ಇತ್ತು. ಚನ್ನೇಶಣ್ಣ ಹೇಗಿದ್ದಾನೆ ಎಂದು ಕೇಳಿದಳು. ನಾನು ಮಾತನ್ನು ಎಮ್ಮೆಕರುವಿನ ಕಡೆಗೇ ತಿರುಗಿಸಿದೆ. ಅವಳು ಮತ್ತೆ ಕೇಳಲಿಲ್ಲ. ದುದ್ದದ ಹತ್ತಿರ ಎಮ್ಮೆಕರುವಿನ ಹೆಸರು ಹೇಳಲು ಹೋದಳು. ಸ್ವರದ ಬದಲು ಬರೀ ಗಾಳಿ ಬಂತು.

"ಸಿಸ್ಟರ್!" ಎಂದೆ. ಅದು ನನ್ನ ಬಾಯಿಂದ ಬಂದ ಕೂಗೆಂದು ನನಗೇ ಅನಿಸಲಿಲ್ಲ.

ಆಮೇಲೆ ಅವರು ಏನೇನು ಮಾಡಿದರೋ. ನನ್ನನ್ನು ಮುಂದೆ ಡ್ರೈವರ್ ಪಕ್ಕಕ್ಕೆ ಕೂರಿಸಿದರು. ಹಾಸನ ಬರುವವರೆಗೂ ಹಿಂದೆ ತಿರುಗದೆ ರಸ್ತೆಯನ್ನೇ ನೋಡಿದೆ.

ಅರಸೀಕೆರೆ ಆಸ್ಪತ್ರೆಯಿಂದ ಫೋನು ಹೋದ ಕೂಡಲೇ ಹೊರಟಿದ್ದ ಕರಿಬಸವಯ್ಯ ನಮಗಿಂತ ಮೊದಲೇ ಬಂದು ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಮೊಣಕಾಲವರೆಗೆ ಶುಂಠಿ ಹೊಲದ ಕೆಸರು. ಸ್ಟ್ರೆಚರ್ ಇಳಿಸಿದರು. ಗಂಟಲಿಗೆ ಕೊಳವೆ, ಮುಖಕ್ಕೆ ಬಟ್ಟೆ, ಕೈಗೆ ಬಟ್ಟೆ. ಅವರು ಸ್ಟ್ರೆಚರನ್ನು ಒಂದು ಸುತ್ತು ಬಂದರು. ಆಮೇಲೆ ನನ್ನನ್ನು ಕೇಳಿದರು.

"ತಾಯಿ, ಇದು ನನ್ ಮಗಳೇನಾ?"

ಎಂಥ ಪ್ರಶ್ನೆ! ಅದೂ ನನ್ನನ್ನು ಕೇಳಿದರು. ಆಂಬುಲೆನ್ಸಿನಲ್ಲಿ ಒಂದು ಊರಿನಿಂದ ಇನ್ನೊಂದು ಊರಿಗೆ ಅವಳ ಜೊತೆ ಮಾತಾಡಿಕೊಂಡು ಬಂದವಳು ನಾನು, ಆದರೂ ಹೌದು ಎನ್ನಲು ಹೆದರಿದೆ. "ಎಮ್ಮೆಕರು," ಎಂದೆ. "ನಿಮ್ಮನ್ನ ಬಿಟ್ಟು ಯಾರನ್ನೂ ಹತ್ರ ಸೇರ್ಸಲ್ವಂತೆ. ಅವಳೇ ಹೇಳಿದ್ಲು."

ಅವರು ತಲೆ ಆಡಿಸಿದರು. ಮುಟ್ಟಲು ಕೈ ಚಾಚಿದರು. ಎಲ್ಲಿ ಮುಟ್ಟುವುದು? ಕೈ ಗಾಳಿಯಲ್ಲೇ ಅತ್ತಿತ್ತ ಹೋಯಿತು. ಅರಸೀಕೆರೆಯಲ್ಲಿ ಆತುರಕ್ಕೆ ಬಿಚ್ಚದೆ ಬಿಟ್ಟಿದ್ದ ಅವಳ ಗಂಬೂಟನ್ನು ನರ್ಸ್ ಎಳೆದು ತೆಗೆದಳು. ಒಳಗಿನ ಪಾದಗಳಿಗೆ ಏನೂ ಆಗಿರಲಿಲ್ಲ. ಮೆಟ್ಟಿ ಮೆಟ್ಟಿ ಹಿಮ್ಮಡಿ ಒಡೆದ, ಒಂದು ಉಗುರಿಗೆ ಮಾತ್ರ ಬಣ್ಣ ಉಳಿದಿದ್ದ, ನಿನ್ನೆಯ ಹಾಗೇ ಇದ್ದ ಪಾದಗಳು.

ನಮ್ಮಲ್ಲಿ ತಂದೆ ಮಗಳ ಕಾಲು ಮುಟ್ಟುವುದಿಲ್ಲ. ಕರಿಬಸವಯ್ಯ ಬಗ್ಗಿ ಎರಡೂ ಪಾದಗಳನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಅವರ ಕೈಯ ಕೆಸರು ಅವಕ್ಕೆ ಹತ್ತಿತು.

"ಇವಳೇ," ಎಂದರು. "ಮಗಾ, ಅಪ್ಪ ಬಂದೀನಿ ಕಣವ್ವ."

ಹೆಬ್ಬೆರಳು ಅಲುಗಿತು. ನಾನೂ ನೋಡಿದೆ, ನರ್ಸೂ ನೋಡಿದಳು.

ಬಾಗಿಲು ಮುಚ್ಚುವವರೆಗೂ ಅವರು ಪಾದ ಬಿಡದೆ ಸ್ಟ್ರೆಚರಿನ ಜೊತೆ ನಡೆದರು. ನಾನು ಹೊರಗೆ ಬಂದು ಗೋಡೆಗೆ ಒರಗಿ ಕೂತೆ. ಸೆರಗು ಒದರಿದರೆ ಇನ್ನೂ ಪುಡಿ ಉದುರುತ್ತಿತ್ತು. ಕ್ಯಾಂಟೀನಿನ ಹುಡುಗಿ ಟೀ ತಂದುಕೊಟ್ಟಳು. ಲೋಟ ಇಸಿದುಕೊಂಡೆ, ನನ್ನ ಬೆರಳಿನ ಪುಡಿ ಅದಕ್ಕೂ ಹತ್ತಿತು. "ಇನ್ನೊಂದು ತಾರವ್ವ, ಹುಡುಗಿ ಅಪ್ಪ ಆ ಬಾಗಿಲ ಹತ್ರ ನಿಂತವ್ರೆ," ಎಂದೆ.